ಪೇಪರ್ ಹಾಕಿದ ದಿನದಿಂದ ಮೊದಲ ಸಂಬಳದವರೆಗೆ

ನಾಲ್ಕು ವರ್ಷದಲ್ಲಿ ಎರಡು ಸಲ ಕೆಲಸ ಬದಲಿಸಿದ್ದೇನೆ. ಇಂಟರ್‌ವ್ಯೂಗೆ ಎರಡೂ ಸಲ ತಿಂಗಳುಗಟ್ಟಲೆ ತಯಾರಾದೆ. ಆದರೆ ಪೇಪರ್ ಹಾಕಿ, ಅಂದರೆ ರಾಜೀನಾಮೆ ಕೊಟ್ಟು, ಹಳೇ ಕಂಪನಿಯಿಂದ ಹೊರಬಂದು ಹೊಸದರಲ್ಲಿ ನೆಲೆಯಾಗುವ ಆ ಮೂರು ನಾಲ್ಕು ತಿಂಗಳಿಗೆ ಮೊದಲ ಸಲ ಯಾವ ತಯಾರಿಯೂ ಇರಲಿಲ್ಲ. ದುಡ್ಡು ಸೋರುವುದು ಅಲ್ಲೇ. ಎರಡನೇ ಸಲ ಲೆಕ್ಕ ಹಾಕಿ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ಲೆಕ್ಕವಾದರೂ ಪಿಎಫ್ (ಭವಿಷ್ಯ ನಿಧಿ), ತೆರಿಗೆಯ ವಿಷಯ ಯಾವ ಕಂಪನಿಯ ನೌಕರರಿಗೂ ಅದೇ.

ಮೊದಲು ಸಿಟಿಸಿ, ಅಂದರೆ ಕಂಪನಿ ನಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಎಚ್‌ಆರ್ ಫೋನಿನಲ್ಲಿ ಹೇಳುವ ಸಂಖ್ಯೆಗೂ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದಕ್ಕೂ ಎಷ್ಟು ದೂರ ನೋಡಿ. ಹಳೇ ಕೆಲಸದಲ್ಲಿ ಸಿಟಿಸಿ 9 ಲಕ್ಷ, ಪಿಎಫ್ ಕನಿಷ್ಠ ಲೆಕ್ಕದ್ದು, ಅಂದರೆ ಕಂಪನಿಯದು 1,800, ನಮ್ಮದು 1,800, ವೇರಿಯಬಲ್ (ಕೆಲಸ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ) ಇಲ್ಲ ಅಂದುಕೊಳ್ಳಿ. ಕಂಪನಿಯ ಪಿಎಫ್ ವರ್ಷಕ್ಕೆ 21,600 ಕಳೆದರೆ ತಿಂಗಳಿಗೆ 73,200. ಅದರಲ್ಲಿ ನಮ್ಮ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 71,200. ಈಗ ಹೊಸ ಕಡೆ 12 ಲಕ್ಷ ಅನ್ನುತ್ತಾರೆ. ಬೇಸಿಕ್ (ಮೂಲ ವೇತನ) ಅರ್ಧ, ಅಂದರೆ 6 ಲಕ್ಷ. ಅದರ ಶೇ 12ರಂತೆ ಕಂಪನಿಯ ಪಿಎಫ್ 72,000. ಶೇ 4.81ರಂತೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು) 28,860. ವೇರಿಯಬಲ್ ಶೇ 10, ಅಂದರೆ 1,20,000. ಇಷ್ಟೂ ಸಿಟಿಸಿಯ ಒಳಗೇ ಕೂತಿರುತ್ತವೆ. ಉಳಿದದ್ದು 9,79,140, ತಿಂಗಳಿಗೆ 81,595. ನಮ್ಮ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ 75,395. ಕಾಗದದ ಮೇಲೆ ಏರಿದ್ದು ಶೇ 33, ಕೈಗೆ ಏರಿದ್ದು ಶೇ 6ಕ್ಕೂ ಕಡಿಮೆ. ಪಿಎಫ್ ನಮ್ಮದೇ ದುಡ್ಡು, ನಷ್ಟವಲ್ಲ, ನಿಜ. ಆದರೆ ಬಾಡಿಗೆಯನ್ನು ಪಿಎಫ್‌ನಿಂದ ಕಟ್ಟಲು ಆಗುವುದಿಲ್ಲ. ಗ್ರಾಚ್ಯುಟಿಯಂತೂ ಕಾಯಂ ನೌಕರರಿಗೆ ಐದು ವರ್ಷ ತುಂಬಿದರೆ ಮಾತ್ರ ಸಿಗುವುದು. ಎರಡು ವರ್ಷಕ್ಕೊಮ್ಮೆ ಹಾರುವವರು ಆ ಸಾಲನ್ನು ಹೊಡೆದುಹಾಕಿಯೇ ಲೆಕ್ಕ ಮಾಡಬೇಕು. ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ: 'ಸಂಬಳದ ವಿಂಗಡಣೆ ಮೇಲ್‌ನಲ್ಲಿ ಕಳಿಸ್ತೀರಾ?' ಆಫರ್ ಲೆಟರ್ ಒಪ್ಪುವ ಮೊದಲು ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆಫರ್ ಲೆಟರ್‌ನಲ್ಲಿ ಬೆರಳಿಟ್ಟು ಓದಬೇಕಾದ ಸಾಲುಗಳು ಮೂರು. ವೇರಿಯಬಲ್ ಪಾವತಿಯ ದಿನ ಕೆಲಸದಲ್ಲಿ ಇದ್ದರೆ ಮಾತ್ರ ಅಂತ ಬರೆದಿದ್ದರೆ, ಫೆಬ್ರುವರಿಯಲ್ಲಿ ಬಿಟ್ಟವರಿಗೆ ಇಡೀ ವರ್ಷದ್ದೂ ಹೋಗುತ್ತದೆ. ಜಾಯಿನಿಂಗ್ ಬೋನಸ್ ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಅಂತ ಇರುತ್ತದೆ, ಅದು ಸರಿ. ಆದರೆ ವಾಪಸ್ ಕೇಳುವುದು ತೆರಿಗೆ ಕಳೆದು ನಮಗೆ ಕೊಟ್ಟ ಮೊತ್ತವನ್ನೋ, ಕಳೆಯುವ ಮೊದಲಿನ ಮೊತ್ತವನ್ನೋ? ಮೂರನೆಯದು ಪ್ರೊಬೇಷನ್‌ನಲ್ಲಿ (ಸೇರಿದ ಹೊಸತರ ಪರೀಕ್ಷಾ ಅವಧಿಯಲ್ಲಿ) ಅವರ ಕಡೆಯಿಂದ ನೋಟಿಸ್, ಅಂದರೆ ಕೆಲಸ ಮುಗಿಸುವ ಮೊದಲಿನ ಮುನ್ಸೂಚನೆ, ಎಷ್ಟು ದಿನ ಎಂಬುದು. ನಮಗೆ 90 ದಿನ, ಅವರಿಗೆ 15 ದಿನ ಅಂತ ಬರೆಯುವವರೂ ಇದ್ದಾರೆ.

ಇನ್ನು ಪೇಪರ್ ಹಾಕುವುದು. ಮ್ಯಾನೇಜರ್ ಜೊತೆ ಕಾಫಿ ಕುಡಿಯುತ್ತಾ ಹೇಳಿದ ದಿನ ಲೆಕ್ಕಕ್ಕೆ ಬರುವುದಿಲ್ಲ, ಮೇಲ್ ಹೋದ ದಿನ ಬರುತ್ತದೆ. ಪೋರ್ಟಲ್ ಇದ್ದರೆ ಅಲ್ಲಿ ಹಾಕಿ, ಅದೇ ದಿನ ಮೇಲ್ ಕೂಡ ಕಳಿಸಿ, ಕೊನೆಯ ದಿನ ಯಾವುದೆಂದು ನೀವೇ ಎಣಿಸಿ ಬರೆಯಿರಿ. ಜೂನ್ 3ಕ್ಕೆ ಹಾಕಿದರೆ, ಮಾರನೆಯ ದಿನದಿಂದ ಎಣಿಸಿ 60 ದಿನಕ್ಕೆ ಆಗಸ್ಟ್ 2. ಅದು ಶನಿವಾರ ಬಿದ್ದರೆ ಕೊನೆಯ ದಿನ ಶುಕ್ರವಾರವೋ ಸೋಮವಾರವೋ ಎಂದು ಆಗಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ನೋಟಿಸ್‌ನಲ್ಲಿ ರಜೆ ಹಾಕಿದರೆ ಕೊನೆಯ ದಿನ ಅಷ್ಟು ಮುಂದೆ ಹೋಗುವ ನಿಯಮ ಹಲವು ಕಡೆ ಇದೆ. ಮದುವೆ, ಗೃಹಪ್ರವೇಶ ಇದ್ದರೆ ಪೇಪರ್ ಹಾಕುವ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಹೊಸ ಕಂಪನಿ 'ಬೇಗ ಬನ್ನಿ, ಬೈಔಟ್ ನಾವು ಕೊಡ್ತೀವಿ' ಅಂದಾಗ ಹಿಗ್ಗುವ ಮುಂಚೆ, ನೋಟಿಸ್ ಮುಗಿಸದ ದಿನಗಳಿಗೆ ಕಟ್ಟುವ ಆ ಮೊತ್ತವನ್ನು ಹಳೆಯವರು ಬೇಸಿಕ್ ಮೇಲೆ ಹಾಕುತ್ತಾರೋ ಗ್ರಾಸ್ (ಏನೂ ಕಳೆಯದ ಪೂರ್ತಿ ಸಂಬಳ) ಮೇಲೋ ತಿಳಿದುಕೊಳ್ಳಿ. ಗ್ರಾಸ್ 80,000, ಬೇಸಿಕ್ 40,000 ಇದ್ದರೆ 45 ದಿನಕ್ಕೆ ಒಂದು ಕಡೆ 1,20,000, ಇನ್ನೊಂದು ಕಡೆ 60,000. ಹೊಸಬರು ಅದನ್ನು ತುಂಬಿಕೊಟ್ಟಾಗ ಸಂಬಳದ ಜೊತೆಗೇ ಸೇರಿಸುತ್ತಾರೆ, ಅದಕ್ಕೂ ತೆರಿಗೆ ಬೀಳುತ್ತದೆ.

ಹೆಚ್ಚು ಜನ ಎಡವುವುದು ಸಂಬಳವಿಲ್ಲದ ದಿನಗಳಲ್ಲಿ. ಪೇಪರ್ ಹಾಕಿದ ಮೇಲೆ ಕೊನೆಯ ತಿಂಗಳ ಸಂಬಳವನ್ನು ತಡೆಹಿಡಿದು, ಬಿಟ್ಟವರ ಕೊನೆಯ ಲೆಕ್ಕ ಚುಕ್ತಾ ಮಾಡುವ ಫುಲ್ ಆ್ಯಂಡ್ ಫೈನಲ್‌ನಲ್ಲಿ ಕೊಡುವ ರೂಢಿ ಬಹಳ ಕಡೆ ಇದೆ. ಅದು 30–45 ದಿನ ಹಿಡಿಯುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಕಾನೂನು ನಮ್ಮ ಪರ ಇದೆ, ಸರಿ. ಆದರೂ ಮನೆಯ ಬಜೆಟ್ಟನ್ನು ಹಳೇ ರೂಢಿಯ ಮೇಲೆ ಹಾಕಿಕೊಂಡರೆ ನಿದ್ದೆ ಕೆಡುವುದಿಲ್ಲ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ: ಜೂನ್ 30ಕ್ಕೆ ಸಂಬಳ ಬಂತು. ಜುಲೈ ಸಂಬಳ ತಡೆ. ಆಗಸ್ಟ್ 2ಕ್ಕೆ ಹೊರಬಂದಿರಿ. ಊರಿಗೆ ಹೋಗಿ ಬಂದು ಆಗಸ್ಟ್ 25ಕ್ಕೆ ಹೊಸ ಕಡೆ ಸೇರಿದಿರಿ. ಅಲ್ಲಿ ಪೇರೋಲ್ (ಆ ತಿಂಗಳ ಸಂಬಳದ ಲೆಕ್ಕ) ಮುಚ್ಚುವುದು ಪ್ರತಿ ತಿಂಗಳ 20ಕ್ಕೆ, ಅಂದರೆ ಆಗಸ್ಟ್‌ನ ಏಳು ದಿನದ ದುಡ್ಡೂ ಸೆಪ್ಟೆಂಬರ್ 30ಕ್ಕೇ. ಹಳೆಯ ಲೆಕ್ಕ ಚುಕ್ತಾ ಆಗುವುದು ಸೆಪ್ಟೆಂಬರ್ ಮಧ್ಯದಲ್ಲಿ. ಹೀಗೆ ಒಂದು ಸಂಬಳ ಎರಡೂವರೆ ತಿಂಗಳು ಓಡಬೇಕು. ಬಾಡಿಗೆ, ಮನೆಗೆ ಕಳಿಸುವುದು, ಬೈಕಿನ ಇಎಂಐ, ದಿನಸಿ ಎಲ್ಲ ಸೇರಿ ತಿಂಗಳಿಗೆ 45,000 ಖರ್ಚಿದ್ದರೆ, ಹೊಸ ಸಂಬಳ ಬರುವವರೆಗಿನ ಮೂರು ತಿಂಗಳಿಗೆ 1,35,000 ಬೇರೆ ಖಾತೆಯಲ್ಲಿ ಇಲ್ಲದೆ ಪೇಪರ್ ಹಾಕಬೇಡಿ. ಸಾಧ್ಯವಾದರೆ ತಿಂಗಳ ಮೊದಲ ವಾರ ಸೇರಿ. ಪೇರೋಲ್ ಯಾವ ತಾರೀಕಿಗೆ ಮುಚ್ಚುತ್ತದೆ ಎಂದು ಕೇಳುವುದಕ್ಕೆ ಒಂದು ಸಾಲಿನ ಮೇಲ್ ಸಾಕು.

ಇಎಂಐ, ಎಸ್‌ಐಪಿ ಎಲ್ಲ ಹಳೇ ಸಂಬಳದ ಖಾತೆಗೇ ಜೋಡಿಸಿರುತ್ತೀರಿ. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕ್ ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡುತ್ತದೆ, ಕನಿಷ್ಠ ಮೊತ್ತ ಇಲ್ಲದಿದ್ದರೆ ದಂಡ. ನಾನು ಎಲ್ಲವನ್ನೂ ಯಾವ ಕಂಪನಿಗೂ ಸಂಬಂಧವಿಲ್ಲದ ಸ್ವಂತ ಖಾತೆಯೊಂದಕ್ಕೆ ಸಾಗಿಸಿದೆ. ಸಂಬಳ ಎಲ್ಲೇ ಬೀಳಲಿ, ಅದೇ ದಿನ ಇಲ್ಲಿಗೆ ಬರುತ್ತದೆ. ವಾಹನ ಸಾಲ ಬೇಕಿದ್ದರೆ ಪೇಪರ್ ಹಾಕುವ ಮೊದಲು, ಇಲ್ಲವೇ ಪ್ರೊಬೇಷನ್ ಮುಗಿದ ಮೇಲೆ. ನಡುವೆ ಕೇಳಿದರೆ ಹೊಸ ಪೇಸ್ಲಿಪ್ ಎಲ್ಲಿ ಅನ್ನುತ್ತಾರೆ.

ತೆರಿಗೆಯ ಹೊಂಡ ಕಾಣುವುದೇ ಇಲ್ಲ, ಮುಂದಿನ ಜುಲೈಯಲ್ಲಿ ರಿಟರ್ನ್ ಹಾಕುವಾಗ ಬೀಳುತ್ತೇವೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹಳೇ ಕಡೆ ತಿಂಗಳಿಗೆ 1,00,000 ಎಂಬ ಬೇರೊಂದು ಉದಾಹರಣೆ ನೋಡಿ, ಅಕ್ಟೋಬರ್‌ನಿಂದ ಮಾರ್ಚ್ ತನಕ ಹೊಸ ಕಡೆ 1,30,000. ಹಳೇ ಕಂಪನಿ ವರ್ಷಕ್ಕೆ 12 ಲಕ್ಷ ಎಂದು ಎಣಿಸಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 12 ಲಕ್ಷದೊಳಗೆ ಬಂತೆಂದು ತೆರಿಗೆ ಹಿಡಿಯಲಿಲ್ಲ. ಹೊಸ ಕಂಪನಿಗೆ ಹಳೆಯ ಲೆಕ್ಕ ಗೊತ್ತಿಲ್ಲ. ಅದರ ಕಣ್ಣಿಗೆ ನಿಮ್ಮ ಆದಾಯ ಬರೀ 7.8 ಲಕ್ಷ, ಅದೂ ಹಿಡಿಯಲಿಲ್ಲ. ಆದರೆ ನಿಜವಾದ ಆದಾಯ 13.8 ಲಕ್ಷ. 75,000 ಕಳೆದರೆ 13.05 ಲಕ್ಷ, 12 ಲಕ್ಷ ದಾಟಿದ್ದರಿಂದ ತೆರಿಗೆ ಪೂರ್ತಿ ಬೀಳುತ್ತದೆ. 2025–26ರ ಹೊಸ ಪದ್ಧತಿಯ ದರದಲ್ಲಿ 4ರಿಂದ 8 ಲಕ್ಷಕ್ಕೆ 20,000, 8ರಿಂದ 12ಕ್ಕೆ 40,000, ಮೇಲಿನ 1,05,000ಕ್ಕೆ ಶೇ 15ರಂತೆ 15,750, ಒಟ್ಟು 75,750. ಅದರ ಮೇಲೆ ಶೇ 4 ಸೆಸ್ ಸೇರಿ 78,780. ಇದನ್ನು ಒಂದೇ ಏಟಿಗೆ ಬಡ್ಡಿಯ ಜೊತೆ ಕಟ್ಟಬೇಕು. ಸೇರಿದ ವಾರವೇ ಹಳೆಯ ಸಂಬಳದ ವಿವರ ಕೊಟ್ಟರೆ (ನಾನು ಕೊಟ್ಟಿದ್ದು ನಮೂನೆ 12ಬಿಯಲ್ಲಿ) ಆರು ತಿಂಗಳಲ್ಲಿ ತಿಂಗಳಿಗೆ 13,130ರಂತೆ ಸಂಬಳದಲ್ಲೇ ಕಳೆಯುತ್ತದೆ. ಆ ವರ್ಷ ಎರಡು ಕಂಪನಿಯಿಂದಲೂ ಸಂಬಳ, ಹಿಡಿದ ತೆರಿಗೆಯ ಪ್ರಮಾಣಪತ್ರ (2025–26ಕ್ಕೆ ನಮೂನೆ 16) ಬರುತ್ತದೆ. ಎರಡನ್ನೂ ಕೂಡಿಸಿ ರಿಟರ್ನ್ ಹಾಕಬೇಕು, ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ.

ಹೆಸರಿನ ಇನಿಷಿಯಲ್ಲು ನಮ್ಮ ಕಡೆಯವರಿಗೇ ಅಂಟಿದ ಕಾಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ. ಎಸ್.' ಪ್ಯಾನ್‌ನಲ್ಲಿ ಬರೀ ಇನಿಷಿಯಲ್ಲನ್ನು ಅಡ್ಡಹೆಸರಾಗಿ ಒಪ್ಪುವುದಿಲ್ಲವಾದ್ದರಿಂದ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆಸಿರುತ್ತೇವೆ. ಆಧಾರ್‌ನಲ್ಲಿ ಟೈಪ್ ಮಾಡಿದವರ ಇಷ್ಟ. ಅದರ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಯಲ್ಲಿ 'ಎ' ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಪಿಎಫ್‌ನ 12 ಅಂಕಿಯ ಸದಸ್ಯ ಸಂಖ್ಯೆ ಯುಎಎನ್‌ನಲ್ಲಿರುವ ಹೆಸರು ಆಧಾರ್‌ಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊಂದದಿದ್ದರೆ ಹಳೇ ಕಂಪನಿಯ ಪಿಎಫ್ ದುಡ್ಡಿನ ವರ್ಗಾವಣೆ ನಿಲ್ಲುತ್ತದೆ. ನಾನು ಆಧಾರನ್ನೇ ಮೂಲ ಎಂದಿಟ್ಟುಕೊಂಡು ಪ್ಯಾನ್, ಬ್ಯಾಂಕ್, ಯುಎಎನ್ ಮೂರನ್ನೂ ಅದಕ್ಕೆ ಹೊಂದಿಸಿದೆ. ಅಂಕಪಟ್ಟಿ ಬದಲಿಸುವ ಗೋಜಿಗೆ ಹೋಗಲಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿದ್ದು ಹಿನ್ನೆಲೆ ಪರಿಶೀಲನೆಗೆ ಸಾಕಾಯಿತು. 2017ರ ಅಕ್ಟೋಬರ್ 1ರ ನಂತರ ಆಧಾರ್ ಆಧಾರದಲ್ಲಿ ಸಿಕ್ಕ ಯುಎಎನ್ ಆದರೆ, 2025ರ ಜನವರಿಯಿಂದ ಹೆಸರು, ಹುಟ್ಟಿದ ದಿನ, ಸೇರಿದ ಮತ್ತು ಬಿಟ್ಟ ದಿನಗಳನ್ನು ಕಂಪನಿಯ ಒಪ್ಪಿಗೆ ಕಾಯದೆ ನಾವೇ ಪೋರ್ಟಲ್‌ನಲ್ಲಿ ತಿದ್ದಬಹುದು. ಹಳೇ ಕಂಪನಿಯಲ್ಲಿ ಇರುವಾಗಲೇ ಮಾಡಿ. ಬಿಟ್ಟ ಮೇಲೆ ಸಹಿಗಾಗಿ ಬೆನ್ನು ಹತ್ತುವುದು ಬೇಡ.

ಪಿಎಫ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸೇರುವ ದಿನ ತುಂಬಿಸುವ ನಮೂನೆ 11ರಲ್ಲಿ 'ಹಿಂದೆ ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ' ಎಂಬ ಪ್ರಶ್ನೆ ಬರುತ್ತದೆ. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಕೆಲಸಕ್ಕೆ ಸೇರುವಾಗಲೇ ಬೇಸಿಕ್ 15,000 ದಾಟಿದ್ದರೆ ಸದಸ್ಯರಲ್ಲ. ಒಳಗಿದ್ದರೆ ಸದಸ್ಯರು, ಆಮೇಲೆ ಸಂಬಳ ಎಷ್ಟೇ ಏರಿದರೂ ಕಂಪನಿಯ ಪಾಲಿನಲ್ಲಿ ತಿಂಗಳಿಗೆ 1,250 ಪಿಂಚಣಿಗೆ ಹೋಗುತ್ತಲೇ ಇರಬೇಕು. ಕಣ್ಣುಮುಚ್ಚಿ ಟಿಕ್ ಮಾಡಿದರೆ ಐದಾರು ವರ್ಷದ ನಂತರ ಕ್ಲೇಮು ತಿರಸ್ಕಾರವಾದಾಗ ಗೊತ್ತಾಗುತ್ತದೆ. ಪಾಸ್‌ಬುಕ್ ತೆರೆದು ಪಿಂಚಣಿಯ ಕಾಲಂ ಸೊನ್ನೆಯೋ ಅಲ್ಲವೋ ನೋಡಿ, ಉತ್ತರ ಅಲ್ಲೇ ಇದೆ.

ಸೇರುವಾಗ ಹಳೆಯ ಯುಎಎನ್ನೇ ಕೊಡಿ, ಹೊಸದು ಮಾಡಿಸಿಕೊಳ್ಳಬೇಡಿ. ಹಳೇ ಕಂಪನಿ ಬಿಟ್ಟ ದಿನಾಂಕ ನಮೂದಿಸದಿದ್ದರೆ ವರ್ಗಾವಣೆ ಆಗುವುದಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ 'ಮಾರ್ಕ್ ಎಕ್ಸಿಟ್' ಎಂಬಲ್ಲಿ ನೀವೇ ಹಾಕಬಹುದು. ಹಾಕುವಾಗ ರಿಲೀವಿಂಗ್ ಲೆಟರ್ ಎದುರಿಗೆ ಇರಲಿ. ಹಳೇ ಕೆಲಸದ ಕೊನೆಯೂ ಹೊಸ ಕೆಲಸದ ಶುರುವೂ ಒಂದೇ ಒಂದು ದಿನ ಒಂದರ ಮೇಲೊಂದು ಬಿದ್ದರೂ ಎರಡು ಕಡೆ ದುಡಿದಂತೆ ಕಾಣುತ್ತದೆ. ದುಡ್ಡು ತೆಗೆಯುವ ಆಸೆ ಬಿಡಿ. ವರ್ಗಾಯಿಸಿದರೆ ಹಳೆಯ ಸೇವೆಯೂ ಸೇರಿ ಎಣಿಕೆಯಾಗುತ್ತದೆ. ಒಟ್ಟು ಐದು ವರ್ಷದೊಳಗೆ ತೆಗೆದರೆ ತೆರಿಗೆ, ಮೊತ್ತ 50,000 ಮುಟ್ಟಿದರೆ ಶೇ 10 ಅಲ್ಲೇ ಮುರಿದುಕೊಳ್ಳುತ್ತಾರೆ.

ಕೊನೆಯ ವಾರ ಇಳಿಸಿಕೊಳ್ಳಬೇಕಾದದ್ದು: ಎಲ್ಲ ಪೇಸ್ಲಿಪ್, ತೆರಿಗೆಯ ಪ್ರಮಾಣಪತ್ರ, ಇನ್‌ಕ್ರಿಮೆಂಟ್ ಪತ್ರ, ಉಳಿದ ರಜೆಯ ಸ್ಕ್ರೀನ್‌ಶಾಟ್. ಕೊನೆಯ ದಿನ ಸಂಜೆ ಆರಕ್ಕೆ ಲಾಗಿನ್ ಹೋಗುತ್ತದೆ. ಆದರೆ ಕೋಡು, ಕ್ಲೈಂಟ್ ದಾಖಲೆ ಒಂದು ಪುಟವನ್ನೂ ಸ್ವಂತ ಮೇಲ್‌ಗೆ ಕಳಿಸಬೇಡಿ. ನೋಟಿಸ್‌ನಲ್ಲಿರುವವರ ಮೇಲ್ ಮೇಲೆ ಹೆಚ್ಚು ಕಣ್ಣಿರುತ್ತದೆ.

ಕಂಪನಿಯ ಆರೋಗ್ಯ ವಿಮೆಯೂ ಬಹುಪಾಲು ಕೊನೆಯ ದಿನಕ್ಕೇ ಮುಗಿಯುತ್ತದೆ. ನಡುವಿನ ಮೂರು ವಾರ ಅಪ್ಪ ಅಮ್ಮನಿಗೂ ಏನೂ ಇರುವುದಿಲ್ಲ. ಸ್ವಂತ ಪಾಲಿಸಿಗೆ, ಅಪಘಾತ ಬಿಟ್ಟು, ಮೊದಲ 30 ದಿನ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು. ಹಾಗಾಗಿ ಪೇಪರ್ ಹಾಕುವ ದಿನವೇ ಪಾಲಿಸಿ ಕೊಂಡರೆ, ಕಂಪನಿಯದ್ದು ಮುಗಿಯುವಷ್ಟರಲ್ಲಿ ಆ 30 ದಿನ ಕಳೆದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳ ಮೇಲೆ ಜಿಎಸ್‌ಟಿಯೂ ಇಲ್ಲ.

ಮನೆ ಬದಲಿಸುವುದನ್ನು ಮಾತ್ರ ಕೆಲಸ ಬದಲಿಸುವುದರ ಜೊತೆ ಕಟ್ಟಬೇಡಿ. 20,000 ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ಅಂದರೂ 1,20,000. ಹಳೇ ಮನೆಯ ಓನರ್ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಡುವುದು ಮನೆ ಖಾಲಿ ಮಾಡಿದ ಮೇಲೆ. ಸಂಬಳವಿಲ್ಲದ ತಿಂಗಳಲ್ಲೇ ಈ ಎರಡು ಅಡ್ವಾನ್ಸ್ ಒಟ್ಟಿಗೆ ಸಿಕ್ಕಿಬೀಳುತ್ತವೆ. ಪ್ರೊಬೇಷನ್ ಮುಗಿಯುವವರೆಗೆ ಮೆಟ್ರೋದಲ್ಲಿ ಓಡಾಡಿ. 2025ರ ಫೆಬ್ರುವರಿಯ ದರ ಏರಿಕೆಯ ನಂತರದ ಗರಿಷ್ಠ ದರ 90 ರೂಪಾಯಿ ಹಿಡಿದರೂ, ದಿನಕ್ಕೆ ಎರಡು ಸಲ, 22 ದಿನಕ್ಕೆ 3,960. ಆಫರ್ ಒಪ್ಪುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಹೊಸ ಆಫೀಸಿನ ಗೇಟಿನವರೆಗೆ ಹೋಗಿ ನೋಡಿ. ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕಾದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರೋಡ್‌ನಲ್ಲಿ ಹಳದಿ ಮಾರ್ಗಕ್ಕೆ ಇಳಿದು ಹತ್ತಬೇಕು. ನಕ್ಷೆಯಲ್ಲಿ ಆ ಮೆಟ್ಟಿಲುಗಳೂ ಕ್ಯೂಗಳೂ ಕಾಣುವುದಿಲ್ಲ. ಸ್ಟೇಷನ್‌ನಿಂದ ಗೇಟಿಗೆ ಆಟೋದವರು ಎಷ್ಟು ಕೇಳುತ್ತಾರೆ ಎಂಬುದನ್ನೂ ಅವತ್ತೇ ಬರೆದಿಟ್ಟುಕೊಂಡು, ಮೊದಲು ಲೆಕ್ಕ ಹಾಕಿದ, ಹೊಸ ಕೆಲಸದಲ್ಲಿ ಕೈಗೆ ಬರುವ ಆ 75,395ರಿಂದ ಕಳೆದು ನೋಡಿ.