ತೊಗರಿ ರಾಶಿಯ ಕಾಲದಲ್ಲಿ ಮೂಗಿನ ಅಲರ್ಜಿ: ಒಂದು ಸಲಹೆ

ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ಶುರುವಾದೊಡನೆ ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ ಹೊಟ್ಟಿನ ಧೂಳು ಏಳುವುದರಿಂದ, ನನ್ನಂತೆ ಬೆಳಗ್ಗೆ ಏಳುತ್ತಲೇ ಹತ್ತಾರು ಸಲ ಸೀನುವವರು ಮದ್ದಿಗಿಂತ ಮೊದಲು ಧೂಳನ್ನು ತಪ್ಪಿಸಿಕೊಳ್ಳಬೇಕು. ರಾಶಿ ಮಷೀನಿನ ಬಳಿ ಮಾಸ್ಕ್ ಧರಿಸಿ. ಮನೆಯ ಪರಸಿ (ಕಲ್ಲುಚಪ್ಪಡಿ) ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕಾಂಗ್ರೆಸ್ ಕಸದ (ಪಾರ್ಥೇನಿಯಂ ಕಳೆಯ) ಪರಾಗವೂ ಅಲರ್ಜಿ ತರುತ್ತದೆ, ಆದ್ದರಿಂದ ಅದನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕೀಳಿಸಿ.

ಹೊರಗಿನಿಂದ ಬಂದ ಮೇಲೆ ಮೂಗು ತೊಳೆಯುವುದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆನಿಸಿದೆ. ಐದು ನಿಮಿಷ ಕುದಿಸಿ ಉಗುರುಬೆಚ್ಚಗೆ ಆರಿಸಿದ 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಬೋರಿನ ನೀರನ್ನು ಹಾಗೆಯೇ ಬಳಸಲೇಬಾರದು.

ಆಯುರ್ವೇದವು ಪ್ರತಿಶ್ಯಾಯವೆನ್ನುವ ಈ ತೊಂದರೆಗೆ ಅಣುತೈಲವೆಂಬ ಔಷಧಿ ಎಣ್ಣೆಯ ನಸ್ಯ (ಮೂಗಿಗೆ ಮದ್ದು ಬಿಡುವುದು) ರೂಢಿಯಲ್ಲಿದೆ: ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಮಲಗಿ, ಪ್ರತಿ ಹೊಳ್ಳೆಗೆ ಎರಡು ಹನಿ ಬಿಟ್ಟು, ಗಂಟಲಿಗಿಳಿದದ್ದನ್ನು ಉಗುಳಬೇಕು. ಊಟವಾದ ಕೂಡಲೇ, ಜ್ವರವಿದ್ದಾಗ, ಗರ್ಭಿಣಿಯರಿಗೆ ಇದು ಸಲ್ಲದು. ಆರಂಭಿಸುವ ಮೊದಲು ವೈದ್ಯರನ್ನು ಕೇಳಿ. ಉಸಿರಾಡುವಾಗ ಎದೆಯಲ್ಲಿ ಸುಂಯ್‌ಗುಟ್ಟಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ.