ಬ್ರಿಟನ್ನಿನ ಮನೆಯ ಗ್ಯಾಸ್ ಬಿಲ್ಲು: ನಮ್ಮ ಕಡೆಯಿಂದ ಹೊರಡುವವರಿಗೆ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಬ್ರಿಟನ್ನಿಗೆ ಹೊರಟ ಹುಡುಗ ಹುಡುಗಿಯರು, ಕೆಲವೊಮ್ಮೆ ಅವರ ತಂದೆತಾಯಿಗಳೂ, ಕಲಬುರಗಿಯ ನಮ್ಮ ಮನೆಗೆ ವಿಚಾರಿಸಲು ಬರುತ್ತಾರೆ. ಬೀದರಿನಿಂದ ನರ್ಸಿಂಗ್ ಕೆಲಸಕ್ಕೆ ಹೊರಟವರಿರಲಿ, ಯಾದಗಿರಿಯಿಂದ ಓದಲು ಹೊರಟವರಿರಲಿ, ಸ್ವೆಟರ್ ಎಷ್ಟು ಒಯ್ಯಬೇಕು, ಜೋಳದ ಹಿಟ್ಟು ಅಲ್ಲಿ ಸಿಗುತ್ತದೆಯೇ ಎಂದು ಕೇಳುತ್ತಾರೆಯೇ ಹೊರತು ಮನೆಯನ್ನು ಬೆಚ್ಚಗಿಡಲು ಏನು ಖರ್ಚು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೊವೆಂಟ್ರಿಯಲ್ಲಿ ಒಂಬತ್ತು ಚಳಿಗಾಲ ಕಳೆದು ಬಂದ ನಾನು ಅವರಿಗೆ ಮೊದಲು ಹೇಳುವುದೇ ಈ ವಿಷಯ. ಬಾಡಿಗೆಯ ನಂತರ ಚಳಿಗಾಲದಲ್ಲಿ ಕೈ ಕಚ್ಚುವ ಖರ್ಚು ಇದೇ ಆಗಿದ್ದು, ಸ್ವಲ್ಪ ತಿಳಿದುಕೊಂಡರೆ ಚಳಿಯಲ್ಲಿ ನಡುಗದೆಯೇ ಅದನ್ನು ಇಳಿಸಲು ಬರುತ್ತದೆ.

ಪ್ರಮಾಣದ ಕಲ್ಪನೆ ಮೊದಲು ಬರಬೇಕು. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿರುವ ಶಾಖ ಸುಮಾರು 190 ಕಿಲೋವ್ಯಾಟ್ ಅವರ್, ಅಂದರೆ ಜೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ 190 ಯೂನಿಟ್. ನಾಲ್ಕು ಜನರ ಮನೆಗೆ ಅದು ತಿಂಗಳಿಗಿಂತ ಹೆಚ್ಚೇ ಬರುತ್ತದೆ. ಅಲ್ಲಿ ಮೂರು ಮಲಗುವ ಕೋಣೆಗಳ ಹಳೆಯ ಮನೆಯೊಂದು ಜನವರಿಯ ಕಡು ಚಳಿಯ ಒಂದೇ ದಿನದಲ್ಲಿ 60-70 ಯೂನಿಟ್ ಗ್ಯಾಸ್ ಉರಿಸಬಲ್ಲದು. ಎಂದರೆ ಮೂರು ದಿನಕ್ಕೆ ಒಂದು ಸಿಲಿಂಡರ್ ಖಾಲಿಯಾದಂತೆ. ಇದರಲ್ಲಿ ಒಲೆಯ ಪಾಲು ತೀರ ಕಡಿಮೆ. ಬಾಯ್ಲರ್ ನೀರು ಕಾಯಿಸಿ, ಕೊಳವೆಗಳ ಮೂಲಕ ಪ್ರತಿ ಕೋಣೆಯ ರೇಡಿಯೇಟರಿಗೆ, ಅಂದರೆ ಬಿಸಿನೀರು ಹರಿದು ಕೋಣೆಯನ್ನು ಕಾಯಿಸುವ ಲೋಹದ ಫಲಕಕ್ಕೆ, ಕಳಿಸುತ್ತದೆ. ಉಳಿದ ಗ್ಯಾಸೆಲ್ಲ ಈ ಕೆಲಸಕ್ಕೆ ಮತ್ತು ಸ್ನಾನದ ನೀರಿಗೆ ಹೋಗುತ್ತದೆ.

ಮನೆಯ ಬೀಗದ ಕೈ ಸಿಕ್ಕ ದಿನವೇ ಮಾಡಬೇಕಾದ ಕೆಲಸ ಒಂದಿದೆ: ಮೀಟರಿನ ಅಂಕಿಗಳನ್ನು ದಿನಾಂಕ ಸಮೇತ ಫೋಟೊ ತೆಗೆದುಕೊಂಡು ಗ್ಯಾಸ್ ಕಂಪನಿಗೆ ಕಳಿಸುವುದು. ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇಲ್ಲದ ಮನೆಗೆ ನಮ್ಮಲ್ಲಿಯಂತೆ ತಿಂಗಳಿಗೊಮ್ಮೆ ಮೀಟರ್ ಓದುವವರು ಬಂದು ಬಾಗಿಲಲ್ಲೇ ಬಿಲ್ಲು ಹರಿದುಕೊಡುವ ಪದ್ಧತಿ ಅಲ್ಲಿಲ್ಲ. ನೀವು ರೀಡಿಂಗ್ ಕೊಡದಿದ್ದರೆ ಕಂಪನಿ ಅಂದಾಜಿನ ಮೇಲೆ ಬಿಲ್ಲು ಮಾಡುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಹಾಗೆಯೇ ಆಯಿತು. ಹಿಂದೆ ಆ ಮನೆಯಲ್ಲಿದ್ದ ದೊಡ್ಡ ಕುಟುಂಬದ ಬಳಕೆಯನ್ನೇ ನನ್ನ ತಲೆಗೆ ಕಟ್ಟಿ ಐದು ತಿಂಗಳ ಬಿಲ್ಲು ಬಂತು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮಂಡಿಯೂರಿ, ಬ್ಯಾಟರಿ ಹಿಡಿದು, ಜೇಡರ ಬಲೆ ಸರಿಸಿ ಮೀಟರ್ ನೋಡಿದಾಗ ಬಿಲ್ಲಿನ ಅಂಕಿಗೂ ಅದಕ್ಕೂ ತಾಳೆಯೇ ಇರಲಿಲ್ಲ. ಮೊದಲ ದಿನದ ಫೋಟೊ ಇದ್ದುದರಿಂದ ಲೆಕ್ಕ ಸರಿಹೋಯಿತು. ಇಲ್ಲದಿದ್ದರೆ ನನ್ನ ಮಾತಿಗೆ ಆಧಾರವೇ ಇರುತ್ತಿರಲಿಲ್ಲ. ಕಂಪನಿಯ ಕಡೆಯಿಂದಲೇ ಬಿಲ್ಲು ತಡವಾಗಿದ್ದರೆ, 12 ತಿಂಗಳಿಗಿಂತ ಹಿಂದಿನ ಬಳಕೆಗೆ ಹೊಸದಾಗಿ ಹಣ ಕೇಳಬಾರದು ಎಂಬ ನಿಯಮವೂ ಅಲ್ಲಿದೆ. ಗ್ಯಾಸ್ ಬಿಲ್ಲು ಬಾಡಿಗೆದಾರರ ಹೆಸರಿನಲ್ಲೇ ಇದ್ದರೆ ಕಂಪನಿಯನ್ನು ಬದಲಿಸುವ ಹಕ್ಕೂ ಅವರದೇ.

ಇನ್ನು ಬಿಲ್ಲನ್ನು ಓದುವ ಕ್ರಮ. ಮೀಟರ್ ತೋರಿಸುವುದು ಗ್ಯಾಸಿನ ಗಾತ್ರವನ್ನು, ಹಣ ಹಾಕುವುದು ಶಾಖಕ್ಕೆ. ನವೆಂಬರ್ 1ರಂದು 4312 ಇದ್ದ ಅಂಕಿ ಡಿಸೆಂಬರ್ 1ಕ್ಕೆ 4432 ಆಗಿದ್ದರೆ 120 ಘನ ಮೀಟರ್ ಉರಿದಿದೆ. ಇದನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲೇ ಕೊಟ್ಟಿರುವ ಗ್ಯಾಸಿನ ಶಾಖಮೌಲ್ಯದಿಂದ, ಅಂದರೆ ಸುಮಾರು 39.5ರಿಂದ, ಮತ್ತೆ ಗುಣಿಸಿ, 3.6ರಿಂದ ಭಾಗಿಸಿದರೆ 1346 ಯೂನಿಟ್ ಬರುತ್ತದೆ. ಇಷ್ಟೆಲ್ಲ ಬೇಡವೆನಿಸಿದರೆ ಒಂದು ಘನ ಮೀಟರಿಗೆ ಸುಮಾರು 11.2 ಯೂನಿಟ್ ಎಂದು ನೆನಪಿಟ್ಟುಕೊಂಡರೆ ಸಾಕು. ತೆರಿಗೆ ಸೇರಿ ಯೂನಿಟ್ಟಿಗೆ 6 ಪೆನ್ಸ್, ಬಳಸಲಿ ಬಿಡಲಿ ಕೊಡಲೇಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 30 ಪೆನ್ಸ್ ಎಂದು ಹಿಡಿದರೆ ಆ ತಿಂಗಳ ಬಿಲ್ಲು ಸುಮಾರು 90 ಪೌಂಡ್. ಹಳೆಯ ಮನೆಗಳಲ್ಲಿ ನೂರು ನೂರು ಘನ ಅಡಿಯ ಲೆಕ್ಕದಲ್ಲಿ ಅಳೆಯುವ ಮೀಟರುಗಳು ಇನ್ನೂ ಇವೆ. ಅವುಗಳ ಅಂಕಿಯನ್ನು ಮೊದಲು 2.83ರಿಂದ ಗುಣಿಸಬೇಕು. ಘನ ಮೀಟರಿನ ಮೀಟರನ್ನು ಕಂಪನಿಯ ದಾಖಲೆಯಲ್ಲಿ ಘನ ಅಡಿಯದೆಂದು ಬರೆದುಕೊಂಡಿದ್ದರೆ ಬಳಸಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ಗ್ಯಾಸಿಗೆ ಹಣ ಕಟ್ಟಬೇಕಾಗುತ್ತದೆ. ಆದ್ದರಿಂದ ಮೀಟರಿನ ಮೇಲೆ ಬರೆದದ್ದನ್ನೂ ಬಿಲ್ಲಿನಲ್ಲಿ ಬರೆದದ್ದನ್ನೂ ಒಮ್ಮೆ ಹೋಲಿಸಿ ನೋಡಿ.

ಬೆಲೆಯ ಮಿತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ 2019ರ ಜನವರಿಯಿಂದ ಜಾರಿಗೆ ತಂದಿರುವ, ಈಗ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುವ ಮಿತಿಯು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ ಸಂಬಂಧಿಸಿದ್ದು. ಪತ್ರಿಕೆಗಳಲ್ಲಿ ಬರುವ ವರ್ಷದ ಮೊತ್ತ ಸಾಧಾರಣ ಮನೆಯೊಂದರ ಉದಾಹರಣೆ ಮಾತ್ರ. ಹೆಚ್ಚು ಉರಿಸಿದರೆ ಹೆಚ್ಚು ಕಟ್ಟಲೇಬೇಕು. ಹಾಗೆಯೇ ಡೈರೆಕ್ಟ್ ಡೆಬಿಟ್ಟಿನಲ್ಲಿ, ಅಂದರೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಏರ್ಪಾಟಿನಲ್ಲಿ, ತಿಂಗಳು ತಿಂಗಳೂ ಒಂದೇ ಮೊತ್ತ ಹೋಗುವುದು ಬೇಸಿಗೆಯ ಉಳಿಕೆಯನ್ನು ಚಳಿಗಾಲಕ್ಕೆ ಹೊಂದಿಸುವುದಕ್ಕಾಗಿ. ಮೊತ್ತ ಒಂದೇ ಇದೆಯೆಂದು ಬಳಕೆಯೂ ಒಂದೇ ಇದೆ ಎಂದುಕೊಳ್ಳಬಾರದು. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಎಂದಿಟ್ಟುಕೊಳ್ಳಿ, ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುವ ರೂಢಿ ಮಾಡಿಕೊಂಡರೆ ಯಾವ ಬದಲಾವಣೆಯಿಂದ ಎಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಒಂದು ಪೈಸೆಯೂ ಖರ್ಚಿಲ್ಲದ ದೊಡ್ಡ ಉಳಿತಾಯ ಬಾಯ್ಲರಿನಲ್ಲೇ ಇದೆ, ಅದನ್ನೇ ಜನ ಮುಟ್ಟುವುದಿಲ್ಲ. ನಲ್ಲಿಯ ನೀರನ್ನು ಆಗಿಂದಾಗಲೇ ಕಾಯಿಸಿ ಕೊಡುವ ಕಾಂಬಿ ಬಾಯ್ಲರುಗಳಲ್ಲಿ ಸಾಮಾನ್ಯವಾಗಿ ಎರಡು ಗುಂಡಿಗಳಿರುತ್ತವೆ: ಒಂದರ ಪಕ್ಕ ನಲ್ಲಿಯ ಚಿತ್ರ, ಇನ್ನೊಂದರ ಪಕ್ಕ ರೇಡಿಯೇಟರಿನ ಚಿತ್ರ. ಎರಡನೆಯದು ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು ನಿರ್ಧರಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದು 75-80 ಡಿಗ್ರಿಯಲ್ಲೇ ಇರುತ್ತದೆ. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ಪುಂಡಿಪಲ್ಯ ಬೇಯುವ ಗಡಿಗೆಯ ಮುಚ್ಚಳದಡಿ ಆವಿ ಹನಿಗಟ್ಟುವುದನ್ನು ನೋಡಿದ್ದೀರಿ. ಹಾಗೆ ಹನಿಗಟ್ಟುವಾಗ ಆವಿಯು ತನ್ನೊಳಗಿನ ಶಾಖವನ್ನು ಮುಚ್ಚಳಕ್ಕೆ ಬಿಟ್ಟುಕೊಡುತ್ತದೆ. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಇದೇ ಶಾಖವನ್ನು ಹಿಡಿದುಕೊಳ್ಳಲೆಂದು ಮಾಡಿದವು. ಆದರೆ ರೇಡಿಯೇಟರಿನಿಂದ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ಹನಿಗಟ್ಟುತ್ತದೆ. ಆದ್ದರಿಂದ ಆ ಗುಂಡಿಯನ್ನು 60ಕ್ಕೆ ಇಳಿಸಿ. ನೂರಕ್ಕೆ ಆರರಿಂದ ಎಂಟರಷ್ಟು ಗ್ಯಾಸ್ ಉಳಿಯುತ್ತದೆ ಎಂಬುದು ಬಾಯ್ಲರ್ ಉದ್ಯಮದವರ ಅಂದಾಜು. ಮನೆ ಬೆಚ್ಚಗಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಬೆಚ್ಚಗಾಗುತ್ತದೆ. ಬಿಸಿನೀರನ್ನು ದೊಡ್ಡ ಟ್ಯಾಂಕಿನಲ್ಲಿ ಕೂಡಿಡುವ ಮನೆಯಾಗಿದ್ದರೆ ಮಾತ್ರ ಇಷ್ಟು ಇಳಿಸಬೇಡಿ; ಟ್ಯಾಂಕಿನ ನೀರು 60 ಡಿಗ್ರಿಯಷ್ಟಾದರೂ ಬಿಸಿಯಾಗದಿದ್ದರೆ ಲೀಜನೆಲ್ಲ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಬಹುದು.

ಗೋಡೆಯ ಥರ್ಮೋಸ್ಟಾಟ್ 18ರಿಂದ 20ರ ನಡುವೆ ಇದ್ದರೆ ಆರೋಗ್ಯವಂತರಿಗೆ ಸಾಕು. ಎಳೆಯ ಕೂಸು ಅಥವಾ ಊರಿಂದ ಬಂದ ವಯಸ್ಸಾದ ಅವ್ವ ಅಪ್ಪ ಇದ್ದರೆ ಒಂದೆರಡು ಡಿಗ್ರಿ ಏರಿಸಿ, ಅದರಲ್ಲಿ ಜಿಪುಣತನ ಬೇಡ. ಅದನ್ನು 28ಕ್ಕೆ ತಿರುಗಿಸಿದರೆ ಮನೆ ಬೇಗ ಕಾಯುವುದಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಾಯ್ಲರ್ ಉರಿಯುತ್ತದೆ ಅಷ್ಟೆ. ರೇಡಿಯೇಟರಿನ ಬದಿಯ ವಾಲ್ವಿನ ಮೇಲಿರುವ 1ರಿಂದ 5ರ ಅಂಕಿಗಳಲ್ಲಿ ಕೂರುವ ಕೋಣೆಗೆ 3, ಬಳಸದ ಕೋಣೆಗೆ 1 ಇಡಬಹುದು. ಸೋಫಾವನ್ನು ರೇಡಿಯೇಟರಿಗೆ ಒತ್ತಿ ಇಡಬಾರದು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲೇರುವ ಮೊದಲೇ ಕಿಟಕಿ ಮುಚ್ಚಿ, ಸಂಜೆ ತಂಪಾದ ಮೇಲೆ ತೆರೆಯುತ್ತೇವಲ್ಲ, ಅಲ್ಲಿ ಅದೇ ವಿದ್ಯೆಯನ್ನು ತಿರುವಿ ಬಳಸಬೇಕು: ಹಗಲು ಬಿಸಿಲಿದ್ದಾಗ ಪರದೆ ಸರಿಸಿ, ಮಬ್ಬುಗತ್ತಲಾಗುತ್ತಿದ್ದಂತೆ ಎಳೆದುಬಿಡಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯ ಸುರುಳಿ ಇಟ್ಟರೂ ಫಲವಿದೆ.

ಕೋಣೆಗೊಂದು ಕರೆಂಟಿನ ಹೀಟರ್ ತಂದುಕೊಂಡರೆ ಅಗ್ಗವಾಗುತ್ತದೆ ಎಂದು ಹಲವರು ನಂಬುತ್ತಾರೆ. ಅಲ್ಲಿ ಕರೆಂಟಿನ ಯೂನಿಟ್ ಗ್ಯಾಸಿನ ಯೂನಿಟ್ಟಿಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ. ಒಬ್ಬರೇ ಒಂದು ಕೋಣೆಯಲ್ಲಿ ಒಂದು ಗಂಟೆ ಕೂರುವುದಾದರೆ ಸರಿ, ಮನೆಗೆಲ್ಲ ಅದು ಹೊಂದುವುದಿಲ್ಲ.

ಒದ್ದೆ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರವಿ ಕಿಟಕಿ ಮುಚ್ಚಿಟ್ಟರೆ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ರೊಟ್ಟಿ ಬಡಿಯುವಾಗ, ಬೇಳೆ ಬೇಯಿಸುವಾಗ ಅಡುಗೆಮನೆಯ ಫ್ಯಾನ್ ಹಾಕಿ. ದಿನಕ್ಕೊಮ್ಮೆ ಹತ್ತು ನಿಮಿಷ ಕಿಟಕಿ ತೆರೆದಿಡಿ. ಅದರಿಂದ ಹೋಗುವ ಶಾಖ ಅತ್ಯಲ್ಪ.

ಉಳಿತಾಯಕ್ಕಾಗಿ ಎಂದಿಗೂ ಬಿಡಬಾರದ್ದು ತಪಾಸಣೆ. ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವ ಎಂಜಿನಿಯರಿಂದ ಪರೀಕ್ಷಿಸಿ ಅದರ ಪ್ರಮಾಣಪತ್ರವನ್ನು ನಿಮಗೆ ಕೊಡುವುದು ಮನೆ ಮಾಲೀಕರ ಕಾನೂನುಬದ್ಧ ಹೊಣೆ. ಸಂಕೋಚಪಡದೆ ಕೇಳಿ ಪಡೆಯಿರಿ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ, ಏಕೆಂದರೆ ಆ ವಿಷಾನಿಲಕ್ಕೆ ವಾಸನೆಯಿಲ್ಲ. ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಕೈಗೆಟುಕಿದರೆ ಮೀಟರಿನ ಬಳಿಯ ವಾಲ್ವ್ ಮುಚ್ಚಿ ಹೊರಗೆ ಬನ್ನಿ. ಹಗಲು ರಾತ್ರಿ ಉಚಿತವಾಗಿ ಸಿಗುವ 0800 111 999ಕ್ಕೆ ಕರೆಯನ್ನು ಹೊರಗೆ ನಿಂತೇ ಮಾಡಬೇಕು, ಹಾಗಾಗಿ ಆ ಸಂಖ್ಯೆಯನ್ನು ಫೋನಿನಲ್ಲಿ ಮೊದಲ ದಿನವೇ ಉಳಿಸಿಟ್ಟುಕೊಳ್ಳಿ.