ಕಾಸರಗೋಡಿಗೆ ಹೊಸದಾಗಿ ಬಂದವರಿಗೆ: ಹೈಬ್ರಿಡ್ ಹಾಸಿಗೆ ತಗೊಳ್ಳುವ ಮೊದ್ಲು ಇಷ್ಟು ನೋಡಿ

ಬ್ಯಾಂಕಿನ ಟ್ರಾನ್ಸ್‌ಫರ್ ಆಗಿ ಬಂದವರಿರ್ಲಿ, ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೆ ಬಂದವರಿರ್ಲಿ, ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಗೆ ಸೇರಿದವರಿರ್ಲಿ, ಬಾಡಿಗೆ ಮನೆ ಸಿಕ್ಕಿದ ಕೂಡ್ಲೇ ನಮ್ಮ ಸಂಘದವರ ಹತ್ರ ಕೇಳುವ ಪ್ರಶ್ನೆಗಳಲ್ಲಿ ಹಾಸಿಗೆಯದ್ದು ಒಂದು ಇದ್ದೇ ಇರ್ತದೆ. ಹಳೇ ಹಾಸಿಗೆ ಅಲ್ಲೇ ಯಾರಿಗೋ ಕೊಟ್ಟು ಬಂದಿರ್ತಾರೆ, ಇಲ್ಲಿ ಹೊಸತು ಬೇಕು, ಅಂಗಡಿಗೆ ಹೋದ್ರೆ ಎಲ್ಲರೂ ತೋರಿಸುವುದು ಹೈಬ್ರಿಡ್, ಅಂದ್ರೆ ಕೆಳಗೆ ಸ್ಪ್ರಿಂಗ್ ಮೇಲೆ ಫೋಮ್ ಇರುವ ಹಾಸಿಗೆ. ಒಳ್ಳೆದಾ ಅಂತ ಕೇಳಿದ್ರೆ, ಒಳ್ಳೆದೇ, ಆದ್ರೆ ನೋಡಿ ತಗೊಳ್ಬೇಕು. ಬೆಂಗಳೂರಲ್ಲೋ ಧಾರವಾಡದಲ್ಲೋ ಚೆನ್ನಾಗಿದ್ದದ್ದು ಇಲ್ಲೂ ಹಾಗೇ ಇರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಮಾರ್ಚಿಂದ ಮೇ ವರೆಗೆ ಇಲ್ಲಿ ರಾತ್ರಿಯೂ ಸೆಕೆ, ಜೂನ್ ಬಂತು ಅಂದ್ರೆ ಜಡಿಮಳೆ, ಅದ್ರ ಮೇಲೆ ಉಪ್ಪುಗಾಳಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನೊಳಗೆ ನೇತು ಹಾಕಿದ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುವ ಊರು ಇದು, ಹಾಸಿಗೆ ಬಿಡ್ತದಾ?

ಒಳಗೆ ಎಂತ ಉಂಟು ಅಂತ ಮೊದ್ಲು ಕೇಳಿ

ಹೈಬ್ರಿಡ್ ಅನ್ನುವ ಹೆಸರು ಯಾರು ಬೇಕಾದ್ರೂ ಹಾಕ್ಬಹುದು. ಸ್ಪ್ರಿಂಗಿನ ಮೇಲೆ ಅರ್ಧ ಇಂಚು ಫೋಮ್ ಹಾಸಿ ಹೈಬ್ರಿಡ್ ಅಂತ ಮಾರುವವರೂ ಇದ್ದಾರೆ. ನಮ್ಮ ಲೆಕ್ಕದಲ್ಲಿ ಮೇಲಿನ ಫೋಮ್ ಎಲ್ಲಾ ಸೇರಿ ಕಮ್ಮಿಯಲ್ಲಿ ಎರಡು ಇಂಚಾದ್ರೂ ಇರ್ಬೇಕು, ಕೆಳಗಿನ ಸ್ಪ್ರಿಂಗ್ ಪಾಕೆಟ್ ಸ್ಪ್ರಿಂಗೇ ಆಗಿರ್ಬೇಕು. ಸ್ಪ್ರಿಂಗಲ್ಲಿ ಎರಡು ಜಾತಿ. ಬೊನೆಲ್ ಅನ್ನುವುದ್ರಲ್ಲಿ ಎಲ್ಲಾ ಸ್ಪ್ರಿಂಗನ್ನೂ ತಂತಿಯಿಂದ ಒಂದಕ್ಕೊಂದು ಕಟ್ಟಿರ್ತಾರೆ, ರೇಟ್ ಕಮ್ಮಿ, ಆದ್ರೆ ಒಬ್ರು ಮಗ್ಗುಲು ತಿರುಗಿದ್ರೆ ಪಕ್ಕದವರಿಗೆ ಎಚ್ಚರ ಆಗ್ತದೆ. ಪಾಕೆಟಲ್ಲಿ ಪ್ರತಿ ಸ್ಪ್ರಿಂಗಿಗೂ ಬೇರೆ ಬೇರೆ ಬಟ್ಟೆಯ ಚೀಲ, ಒಂದು ತಗ್ಗಿದ್ರೆ ಪಕ್ಕದ್ದಕ್ಕೆ ಅಷ್ಟಾಗಿ ಗೊತ್ತಾಗುದಿಲ್ಲ. ಸಣ್ಣ ಮಗು ಇರುವವರು, ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವವರು ಪಾಕೆಟೇ ತಗೊಳ್ಳಿ, ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತದ್ದೂ ಇಲ್ಲ.

ಸ್ಪ್ರಿಂಗ್ ಎಷ್ಟು ಅಂತ ಸಂಖ್ಯೆ ಹೇಳಿ ಮರುಳು ಮಾಡ್ತಾರೆ. ಸಾವಿರ ಉಂಟು, ಎರಡು ಸಾವಿರ ಉಂಟು ಅಂತ. ಯಾವ ಸೈಜಿನ ಹಾಸಿಗೆಗೆ ಆ ಲೆಕ್ಕ, ಕಿಂಗಿಗಾ ಕ್ವೀನಿಗಾ ಅಂತ ಕೇಳಿ. ಮೇಲೆ ಒಂದು ಪದರ ಸಣ್ಣ ಸಣ್ಣ ಸ್ಪ್ರಿಂಗ್ ಹಾಕಿದ್ರೂ ಲೆಕ್ಕ ದುಪ್ಪಟ್ಟಾಗ್ತದೆ. ಅದಕ್ಕಿಂತ ತಂತಿಯ ದಪ್ಪ ಕೇಳುವುದು ಮೇಲು, 2 ಮಿಲಿಮೀಟರ್ ಆಸುಪಾಸು ಇರ್ತದೆ. ಗೇಜಲ್ಲಿ ಹೇಳಿದ್ರೆ ನಂಬರ್ ಜಾಸ್ತಿ ಆದಷ್ಟೂ ತಂತಿ ಸಪೂರ, ಇದು ತುಂಬ ಜನರಿಗೆ ಉಲ್ಟಾ ಗೊತ್ತಿರ್ತದೆ.

ಈಗ ಫೋಮ್. ಡೆನ್ಸಿಟಿ ಅಂದ್ರೆ ಒಂದು ಕ್ಯೂಬಿಕ್ ಮೀಟರ್ ಫೋಮ್ ಎಷ್ಟು ಕಿಲೋ ತೂಗ್ತದೆ ಅಂತ, ಅಷ್ಟೇ. ಅದು ಗಟ್ಟಿತನದ ಲೆಕ್ಕ ಅಲ್ಲ. "ಇದು 40 ಡೆನ್ಸಿಟಿ ಸರ್, ಕಲ್ಲಿನ ಹಾಗೆ ಗಟ್ಟಿ" ಅಂತ ಸೇಲ್ಸಿನ ಹುಡುಗ ಹೇಳಿದ್ರೆ ಅವನಿಗೆ ಗೊತ್ತಿಲ್ಲ ಅಂತ ಅರ್ಥ, ಜಾಸ್ತಿ ಡೆನ್ಸಿಟಿಯ ಮೆತ್ತನೆ ಫೋಮೂ ಉಂಟು, ಕಮ್ಮಿ ಡೆನ್ಸಿಟಿಯ ಗಟ್ಟಿ ಫೋಮೂ ಉಂಟು. ಡೆನ್ಸಿಟಿ ಹೇಳುವುದು ಎಷ್ಟು ವರ್ಷ ಕುಸಿಯದೆ ನಿಲ್ತದೆ ಅಂತ. ಸಾಮಾನ್ಯ ಫೋಮ್ ಅಥವಾ ಎಚ್‌ಆರ್ (ಹೈ ರೆಸಿಲಿಯೆನ್ಸ್, ಒತ್ತಿ ಬಿಟ್ರೆ ಬೇಗ ಪುಟಿದೇಳುವ) ಫೋಮಿಗೆ 32ಕ್ಕಿಂತ ಕೆಳಗೆ ನಾವಂತೂ ಹೇಳುದಿಲ್ಲ, 40 ಸಿಕ್ಕಿದ್ರೆ ಒಳ್ಳೆದು. ಮೈಯ ಆಕಾರಕ್ಕೆ ತಗ್ಗುವ ಮೆಮೊರಿ ಫೋಮಿಗೆ 50ರ ಹತ್ರ ಇರ್ಲಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಲೇಬಲಲ್ಲೋ ಕಂಪೆನಿಯ ಶೀಟಲ್ಲೋ ಪ್ರತಿ ಪದರಕ್ಕೂ ಬರೆದದ್ದು ತೋರಿಸ್ಲಿಕ್ಕೆ ಹೇಳಿ. ಅಂಗಡಿಯಲ್ಲಿ ಅರ್ಧಕ್ಕೆ ಕತ್ತರಿಸಿ ಒಳಗೆ ಕಾಣುವ ಹಾಗೆ ಇಟ್ಟ ಸ್ಯಾಂಪಲ್ ಇರ್ತದಲ್ಲ, ಅದು ಹೆಚ್ಚಾಗಿ ಆ ಕಂಪೆನಿಯ ಕಾಸ್ಟ್ಲಿ ಮಾಡೆಲಿನದ್ದು, ನೀವು ತಗೊಳ್ಳುವ ಮಾಡೆಲಿನ ಹೆಸರೂ ಸ್ಯಾಂಪಲಿನ ಹೆಸರೂ ಒಂದೇನಾ ನೋಡಿ.

ಎಸಿ ಶೋರೂಮಲ್ಲಿ ಮಲಗಿ ನೋಡಿದ್ದು, ಫ್ಯಾನಿನ ಕೆಳಗೆ ಮಲಗುವುದು

ಇದನ್ನು ಯಾವ ಅಂಗಡಿಯವ್ರೂ ಹೇಳುದಿಲ್ಲ. ಮೆಮೊರಿ ಫೋಮ್ ಬಿಸಿಗೆ ಮೆತ್ತಗಾಗ್ತದೆ, ತಣ್ಣಗಿದ್ರೆ ಗಟ್ಟಿ ಆಗ್ತದೆ, ಅದ್ರ ಗುಣವೇ ಅದು. ಎಸಿ ಹಾಕಿದ ಶೋರೂಮಲ್ಲಿ ನೀವು ಮಲಗಿ ಹದವಾಗಿ ಉಂಟು ಅಂದದ್ದು ಮನೆಗೆ ಬಂದು ಏಪ್ರಿಲಲ್ಲಿ ಕರೆಂಟ್ ಹೋದ ರಾತ್ರಿ ಬೇರೆಯೇ ಹಾಸಿಗೆ ಆಗಿರ್ತದೆ, ಸೊಂಟ ಒಳಗೆ ಹೋಗ್ತದೆ, ಫೋಮ್ ಮೈಗೆ ಅಂಟಿ ಬೆವರು ಬರ್ತದೆ. ಹಾಗಾಗಿ ಬೆಡ್‌ರೂಮಿಗೆ ಎಸಿ ಇಲ್ಲದವರು ಮೇಲಿನ ಪದರದಲ್ಲಿ ದಪ್ಪ ಮೆಮೊರಿ ಫೋಮ್ ಇರುವುದನ್ನು ಬಿಡಿ, ಲೇಟೆಕ್ಸೋ (ರಬ್ಬರಿನ ಫೋಮ್) ಎಚ್‌ಆರ್ ಫೋಮೋ ಇರುವ ಹೈಬ್ರಿಡ್ ನೋಡಿ. ಪೂರ್ತಿ ಫೋಮಿನ ಹಾಸಿಗೆಗಿಂತ ಹೈಬ್ರಿಡ್ ಇಲ್ಲಿಗೆ ಆಗ್ತದೆ ಅಂತ ನಾವು ಹೇಳುವುದೂ ಈ ಸೆಕೆಯ ಕಾರಣಕ್ಕೇ, ಸ್ಪ್ರಿಂಗಿನ ನಡುವೆ ಗಾಳಿ ಆಡ್ತದೆ. ಕೂಲಿಂಗ್ ಜೆಲ್ ಅಂತ ನೀಲಿ ಬಣ್ಣದ್ದು ತೋರಿಸ್ತಾರೆ, ಮುಟ್ಟಿದಾಗ ತಂಪು ಹೌದು, ಸ್ವಲ್ಪ ಹೊತ್ತಲ್ಲಿ ಮೈಯ ಬಿಸಿಗೆ ಅದೂ ಬಿಸಿ. ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡ್ಬೇಡಿ.

ಮಲಗಿ ನೋಡುವುದು ಅಂದ್ರೆ ಕೂತು ಎದ್ದು ಕೈಯಲ್ಲಿ ಒತ್ತುವುದಲ್ಲ. ನಾಚಿಕೆ ಬಿಟ್ಟು ಚಪ್ಪಲಿ ಕಳಚಿ ಹತ್ತು ಹದಿನೈದು ನಿಮಿಷ, ಮನೆಯಲ್ಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ. ಅಂಗಾತ ಮಲಗುವವರು ಸೊಂಟದ ಕೆಳಗೆ ಕೈ ತೂರಿಸಿ ನೋಡಿ, ಕೈ ಸಲೀಸಾಗಿ ಆಚೆ ಈಚೆ ಹೋದ್ರೆ ಹಾಸಿಗೆ ನಿಮ್ಗೆ ಗಟ್ಟಿ ಆಯ್ತು, ಕೈ ಹೋಗ್ಲಿಕ್ಕೇ ಜಾಗ ಇಲ್ಲದಿದ್ರೆ ಮೆತ್ತಗಾಯ್ತು. ಮಗ್ಗುಲಲ್ಲಿ ಮಲಗುವವರಿಗೆ ಭುಜ ನೋಯ್ಬಾರ್ದು, ಸೊಂಟ ಜೋಲ್ಬಾರ್ದು. ಗಂಡ ಹೆಂಡತಿ ಇಬ್ರೂ ಹೋಗಿ, ಇಬ್ರ ತೂಕ ಬೇರೆ ಬೇರೆ ಇರ್ತದೆ, ಒಬ್ರು ಮಲಗಿರುವಾಗ ಇನ್ನೊಬ್ರು ಎದ್ದು ಕೂತು ಮತ್ತೆ ಮಲಗಿ. ಕರಕರ ಸದ್ದು ಬರ್ತದಾ ಕೇಳಿ. ಆಮೇಲೆ ಅಂಚಲ್ಲಿ ಕೂರಿ. ಅಂಚಿಗೆ ಗಟ್ಟಿ ಫೋಮೋ ದಪ್ಪ ಸ್ಪ್ರಿಂಗೋ ಹಾಕದಿದ್ರೆ ಕೂತ ಕೂಡ್ಲೇ ಜಾರಿದ ಹಾಗೆ ಆಗ್ತದೆ, ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ ಇದು ಬಹಳ ಮುಖ್ಯ. ಅವರು ಕೂತಾಗ ಪಾದ ಪೂರ್ತಿ ನೆಲಕ್ಕೆ ಮುಟ್ಬೇಕು, ಎತ್ತರದ ಮಂಚಕ್ಕೆ 10 ಇಂಚಿನ ಹಾಸಿಗೆ ಹಾಕಿದ್ರೆ ಅಜ್ಜಿ ಹತ್ಲಿಕ್ಕೆ ಸ್ಟೂಲ್ ಇಡ್ಬೇಕಾದೀತು. ಅವರ ಕೋಣೆಗೆ 6 ಇಂಚು ಸಾಕು.

ಸೊಂಟ ನೋವಿನವರು ಗಟ್ಟಿ ಹಾಸಿಗೆಯಲ್ಲೇ ಮಲಗ್ಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿ ಉಂಟು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2003ರಲ್ಲಿ ಸ್ಪೇನಿನವರ ಒಂದು ಪರೀಕ್ಷೆ ಬಂದಿತ್ತು, ತುಂಬ ದಿನದಿಂದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮೀಡಿಯಂ ಫರ್ಮ್ ಹಾಸಿಗೆ ಕೊಟ್ಟು 90 ದಿನ ನೋಡಿದ್ರು, ಮೀಡಿಯಂ ಫರ್ಮಿನವರಿಗೇ ಜಾಸ್ತಿ ಆರಾಮ ಸಿಕ್ಕಿತು. ಆರ್ಥೋಪೆಡಿಕ್ ಅಂತ ಬರೆದದ್ದು ಕಂಪೆನಿಯ ಮಾತು, ಡಾಕ್ಟ್ರ ಮಾತಲ್ಲ. ಡಿಸ್ಕ್ ತೊಂದರೆ ಇದ್ರೆ ನಿಮ್ಮ ಡಾಕ್ಟ್ರನ್ನೇ ಕೇಳಿ. ಒಂದು ವರ್ಷದೊಳಗಿನ ಮಗುವನ್ನು ಮಾತ್ರ ಈ ಮೆತ್ತನೆ ಹಾಸಿಗೆಯಲ್ಲಿ ಮಲಗಿಸ್ಲೇ ಬೇಡಿ, ಅದಕ್ಕೆ ಸಪಾಟಾದ ಗಟ್ಟಿ ಜಾಗವೇ ಆಗ್ಬೇಕು.

ಮಂಚ ಅಳೆಯದೆ ಹೋಗ್ಬೇಡಿ

ಕ್ವೀನ್ ಅಂದ್ರೆ ಒಂದೇ ಸೈಜಲ್ಲ. ಅಗಲ 60 ಇಂಚು ಇದ್ರೂ ಉದ್ದ 72, 75, 78 ಹೀಗೆ ಮೂರು ನಮೂನೆ. ಮನೆ ಮಾಲಕರು ಬಿಟ್ಟು ಹೋದ ಹಳೇ ಹಲಸಿನ ಮಂಚವೋ ಇಲ್ಲಿನ ಆಚಾರಿ ಮಾಡಿದ್ದೋ ಆದ್ರೆ ಯಾವ ಸೈಜಿಗೂ ಸರಿ ಕೂರದೆ ಇರ್ಬಹುದು, ಟೇಪ್ ಹಿಡಿದು ಚೌಕಟ್ಟಿನ ಒಳಗಿನ ಅಳತೆ ತಗೊಳ್ಳಿ, ಹೊರಗಿಂದಲ್ಲ. ಅರ್ಧ ಇಂಚು ಜಾಸ್ತಿ ಆದ್ರೆ ಫೋಮಿನ ಹಾಸಿಗೆಯನ್ನು ಹೇಗೋ ತುರುಕ್ಬಹುದು, ಸ್ಪ್ರಿಂಗಿನದ್ದನ್ನು ಆಗುದಿಲ್ಲ.

ಮಂಚದ ಹಲಗೆಗಳ ನಡುವಿನ ಸಂದು ಮೂರು ಇಂಚಿಗಿಂತ ಜಾಸ್ತಿ ಇರ್ಬಾರ್ದು. ಹಾಗಂತ ಪೂರ್ತಿ ಪ್ಲೈವುಡ್ ಹೊಡೆದು ಮುಚ್ಚಿದ್ರೂ ಕಷ್ಟ, ಕೆಳಗಿಂದ ಗಾಳಿ ಇಲ್ಲ. ಕೆಳಗೆ ಸಾಮಾನು ತುಂಬಿಸುವ ಬಾಕ್ಸ್ ಮಂಚದಲ್ಲಿ ಮಳೆಗಾಲಕ್ಕೆ ಹಾಸಿಗೆಯ ಅಡಿ ಬೂಸ್ಟು ಹಿಡಿಯುವುದು ಮಾಮೂಲು. ನೆಲದ ಮೇಲೆ ನೇರ ಹಾಕುವುದಂತೂ ಬೇಡವೇ ಬೇಡ, ಟೈಲ್ಸಿನ ತಂಡಿ ಮತ್ತು ಮೈಯ ಬೆವರು ಎರಡೂ ಸೇರಿ ಅಡಿಯಲ್ಲಿ ಪಸೆ ನಿಲ್ತದೆ, ಸ್ಪ್ರಿಂಗಿಗೆ ತುಕ್ಕು.

ಇನ್ನೊಂದು, ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರ್ ತೆಗೆಯದೆ ಅದ್ರ ಮೇಲೇ ಬೆಡ್‌ಶೀಟ್ ಹಾಕಿ ಮಲಗುವವರು ಇದ್ದಾರೆ, ಹಾಳಾಗ್ಬಾರ್ದು ಅಂತ. ಹಾಳಾಗುವುದೇ ಅದ್ರಿಂದ ಮಾರಾಯ್ರೆ. ಒಳಗಿನ ಪಸೆ ಒಳಗೇ ಉಳಿದು ಆಟಿ ಮುಗಿಯುವುದ್ರೊಳಗೆ ಕಪ್ಪು ಚುಕ್ಕೆ ಎದ್ದು ಕಮಟು ವಾಸನೆ ಶುರು. ಬಂದ ದಿನವೇ ಹರಿದು ತೆಗೀರಿ. ಅದ್ರ ಬದ್ಲು ಮೇಲೆ ಕಾಟನ್ ಟೆರ್ರಿ ಬಟ್ಟೆ, ಅಡಿಯಲ್ಲಿ ತೆಳು ವಾಟರ್‌ಪ್ರೂಫ್ ಪದರ ಇರುವ ಪ್ರೊಟೆಕ್ಟರ್ ತಗೊಳ್ಳಿ, ಬೆವರು, ಮಕ್ಕಳ ಉಚ್ಚೆ ಎರಡಕ್ಕೂ ಆಯ್ತು. ಹತ್ತಿ ಹಾಸಿಗೆಯ ಹಾಗೆ ಇದನ್ನು ಅಂಗಳದ ಬಿಸಿಲಿಗೆ ಹಾಕ್ಬೇಡಿ, ನೇರ ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಪುಡಿ ಆಗ್ತದೆ. ಮಳೆ ಬಿಟ್ಟ ದಿನ ಗೋಡೆಗೆ ಒರಗಿಸಿ ನಿಲ್ಲಿಸಿ ಫ್ಯಾನ್ ಹಾಕಿ, ಸಾಕು. ಹೈಬ್ರಿಡ್ ಹೆಚ್ಚಿನವು ಒಂದೇ ಬದಿಯವು, ಮಗುಚಿ ಹಾಕ್ಲಿಕ್ಕಿಲ್ಲ, ಮೂರು ತಿಂಗಳಿಗೊಮ್ಮೆ ತಲೆ ಕಾಲು ಬದಲಿಸಿ.

ಎಲ್ಲಿಂದ ತಗೊಳ್ಳುವುದು

ಕಾಸರಗೋಡು, ಕಾಞಂಗಾಡಲ್ಲೂ ಅಂಗಡಿ ಬೇಕಾದಷ್ಟು ಉಂಟು, ಕುಂಬಳೆ ಉಪ್ಪಳ ಕಡೆ ಕನ್ನಡದಲ್ಲೇ ವ್ಯವಹಾರ ಆಗ್ತದೆ, ಪೇಟೆಯಲ್ಲೂ ಭಾಷೆಯ ಚಿಂತೆ ಅಷ್ಟಿಲ್ಲ. ಓಣಂ ಸಮಯದಲ್ಲಿ ಆಫರ್ ಜೋರು, ಆದ್ರೆ ಎಮ್‌ಆರ್‌ಪಿ ಮೇಲೆ ಅರ್ಧಕ್ಕರ್ಧ ಕಡಿತ ಅಂದ ಕೂಡ್ಲೇ ಖುಷಿ ಪಡ್ಬೇಡಿ, ಅದೇ ಮಾಡೆಲಿಗೆ ಮಂಗಳೂರಲ್ಲಿ ಎಷ್ಟು ಅಂತ ಒಂದು ಫೋನ್ ಮಾಡಿ ನೋಡಿ. ಮಂಗಳೂರು 50 ಕಿಲೋಮೀಟರ್, ಪಿಕಪ್ ಬಾಡಿಗೆ ಸೇರಿಸಿ ಲೆಕ್ಕ ಹಾಕಿ. ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟುವಾಗ ಜಿಎಸ್‌ಟಿ ಬಿಲ್ ಕೈಯಲ್ಲಿರ್ಲಿ, 50 ಸಾವಿರ ದಾಟಿದ್ರೆ ಸರಕು ಸಾಗಿಸುವುದಕ್ಕೆ ಆನ್‌ಲೈನಲ್ಲಿ ಮಾಡುವ ಈ-ವೇ ಬಿಲ್ಲೂ ಬೇಕಾಗ್ತದೆ, ಅಂಗಡಿಯವರ ಹತ್ರವೇ ಮಾಡಿಸ್ಕೊಳ್ಳಿ.

ಹೊರಗಿನ ಕಿರಿದಾದ ಮೆಟ್ಟಿಲಿನ ಮಹಡಿಮನೆ ಆದ್ರೆ ಮೊದ್ಲೇ ಹೇಳಿ, ಕ್ವೀನ್ ಹೈಬ್ರಿಡ್ ಅಂದ್ರೆ 40 ಕಿಲೋದ ಹತ್ರ ತೂಕ, ತಿರುವಲ್ಲಿ ಬಗ್ಗಿಸ್ಲಿಕ್ಕೆ ಆಗುದಿಲ್ಲ. ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಬರುವುದು ಅಂಥ ಮನೆಗೆ ಅನುಕೂಲ. ಅದನ್ನು ಬಿಚ್ಚಿದ ಮೇಲೆ ಪೂರ್ತಿ ಉಬ್ಲಿಕ್ಕೆ ಎರಡು ಮೂರು ದಿನ ಬೇಕು, ಹೊಸ ಫೋಮಿನ ವಾಸನೆಯೂ ಇರ್ತದೆ, ಕಿಟಿಕಿ ಮುಚ್ಚಿಯೇ ಇರುವ ಮಳೆಗಾಲದಲ್ಲಿ ಅದು ಬೇಗ ಹೋಗುದಿಲ್ಲ, ಆದಷ್ಟು ಮಳೆ ಬಿಟ್ಟ ಮೇಲೆ ತರಿಸಿ. ಇಳಿಸಿದವರಿಗೆ ಕೂಲಿ ಎಷ್ಟು ಅಂತ ಮೊದ್ಲೇ ಮಾತಾಡಿ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿ ಕೇರಳದಲ್ಲಿ 2018ರ ಮೇ 1ರಿಂದ ನಿಷೇಧ, ಕೊಡ್ಬೇಕಾಗಿಲ್ಲ.

ಆನ್‌ಲೈನಲ್ಲಿ ತಗೊಂಡ್ರೆ 100 ರಾತ್ರಿ ಟ್ರಯಲ್ ಅಂತ ಇರ್ತದೆ. 671ರಿಂದ ಶುರುವಾಗುವ ನಮ್ಮ ಪಿನ್‌ಕೋಡಿಗೆ ಡೆಲಿವರಿ ಉಂಟಾ ಅಂತ ಮಾತ್ರ ಅಲ್ಲ, ವಾಪಸ್ ತಗೊಂಡು ಹೋಗ್ಲಿಕ್ಕೂ ಬರ್ತಾರಾ ಅಂತ ಕಸ್ಟಮರ್ ಕೇರಲ್ಲಿ ಕೇಳಿ, ಉತ್ತರ ಬರೆದು ಕೊಡ್ಲಿ. ಕಲೆ ಆದ್ರೆ ವಾಪಸಿಲ್ಲ ಅನ್ನುವ ಷರತ್ತು ಹೆಚ್ಚಾಗಿ ಇರ್ತದೆ, ಮೊದಲ ರಾತ್ರಿಯಿಂದಲೇ ಪ್ರೊಟೆಕ್ಟರ್ ಹಾಕಿ.

ವಾರಂಟಿ 10 ವರ್ಷ ಅಂತ ಬೋರ್ಡಲ್ಲಿ, ಕಾರ್ಡಲ್ಲಿ ಸಣ್ಣ ಅಕ್ಷರದಲ್ಲಿ ಬೇರೆ. ಎಷ್ಟು ತಗ್ಗು ಬಿದ್ರೆ ಬದಲಿಸ್ತಾರೆ ಅಂತ ನೋಡಿ, ಒಂದು ಇಂಚು ಅಂತ ಇದ್ರೆ ಪರವಾಗಿಲ್ಲ, ಒಂದೂವರೆ ಅಂತ ಇದ್ರೆ ಅಷ್ಟು ತಗ್ಗಾಗುವುದ್ರೊಳಗೆ ನಿಮ್ಮ ಸೊಂಟ ಹೋಗಿರ್ತದೆ. ಕೆಲವರು ವರ್ಷ ಕಳೆದ ಹಾಗೆ ಒಂದಿಷ್ಟು ಪಾಲು ನಮ್ಮಿಂದಲೇ ಕೇಳ್ತಾರೆ. ಅಳೆಯುವುದು ಸುಲಭ, ಈ ಅಂಚಿಂದ ಆ ಅಂಚಿಗೆ ದಾರ ಬಿಗಿದು ಹಿಡಿದು ತಗ್ಗಿದ ಜಾಗದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ. ಬಿಲ್ಲಲ್ಲಿ ಮಾಡೆಲಿನ ಪೂರ್ತಿ ಹೆಸರು, ಸೈಜು, ದಪ್ಪ ಬರೆಸಿ, ಬರೇ "ಬೆಡ್ 1" ಅಂತ ಬರೆದ ಬಿಲ್ ತಗೊಂಡು ಎಲ್ಲಿ ಹೋದ್ರೂ ಪ್ರಯೋಜನ ಇಲ್ಲ. ತಕರಾರು ಬಂದ್ರೆ ಮೊದ್ಲು 1915ಕ್ಕೆ ಕಾಲ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಹೆಲ್ಪ್‌ಲೈನ್. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡ್ಬಹುದು, ಮಂಗಳೂರಲ್ಲಿ ತಗೊಂಡದ್ದಕ್ಕೆ ಮಂಗಳೂರಿಗೆ ಓಡಾಡ್ಬೇಕು ಅಂತಿಲ್ಲ.

ಒಂದೆರಡು ವರ್ಷಕ್ಕೆ ಮತ್ತೆ ಟ್ರಾನ್ಸ್‌ಫರ್ ಆಗುವವರು ಈ ಹೈಬ್ರಿಡ್ ತಲೆಬಿಸಿಯೇ ಬೇಡ ಅಂದ್ರೆ ತಪ್ಪಿಲ್ಲ. ರಬ್ಬರೈಸ್ಡ್ ಕಾಯರ್ (ರಬ್ಬರ್ ಸೇರಿಸಿದ ತೆಂಗಿನ ನಾರು) ಹಾಸಿಗೆ ಕೇರಳದಲ್ಲಿ ಚೆನ್ನಾಗಿಯೇ ಸಿಗ್ತದೆ, ಗಾಳಿ ಆಡ್ತದೆ, ಹಗುರ, ಸ್ವಲ್ಪ ವರ್ಷದಲ್ಲಿ ನಡು ತಗ್ತದೆ ಅನ್ನುವುದೊಂದೇ. ಮತ್ತೆ ಹಳೇ ಫೋಮ್ ಹಾಸಿಗೆ ಮನೆಯಲ್ಲಿದ್ರೆ ಹಿತ್ತಿಲಲ್ಲಿ ಸುಡ್ಬೇಡಿ, ಹೊಗೆ ವಿಷ. ತಿಂಗಳು ತಿಂಗಳು ಪ್ಲಾಸ್ಟಿಕ್ ತಗೊಂಡು ಹೋಗ್ಲಿಕ್ಕೆ ಮನೆಗೆ ಬರುವ ಹರಿತ ಕರ್ಮ ಸೇನೆಯವರ ಹತ್ರ ಹಾಸಿಗೆ ಯಾವಾಗ ತಗೊಳ್ತೀರಿ, ಚಾರ್ಜ್ ಎಷ್ಟು ಅಂತ ಕೇಳಿ ಇಟ್ಕೊಳ್ಳಿ, ಒಂದೊಂದು ಪಂಚಾಯತಲ್ಲಿ ಒಂದೊಂದು ಕ್ರಮ.